ಕುಂಚಕ್ಕೆ ಮರಳಿದ ಕಲಾವಿದ

ಕನ್ನಡ ನಾಡಿನ ನಿಸರ್ಗ ಚಿತ್ರಕಾರರಲ್ಲಿ ರುಮಾಲೆ ಚನ್ನಬಸವಯ್ಯನವರು ಗಣ್ಯರು. ೧೯೧೦ರಲ್ಲಿ ದೊಡ್ಡಬಳ್ಳಾಪುರದಲ್ಲಿ ಜನಿಸಿದ ಇವರು, ಎ. ಎನ್. ಸುಬ್ಬರಾಯರು ೧೯೧೯ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ್ದ ಕಲಾಮಂದಿರದಲ್ಲಿ ಚಿತ್ರಕಲೆಯನ್ನು ಅಭ್ಯಾಸ ಮಾಡಿದರು.

ಅದು ಸ್ವಾತಂತ್ರ್ಯ ಹೋರಾಟದ ಕಾಲ. ಮೈಸೂರು ಸಂಸ್ಥಾನದಲ್ಲಿಯೂ ಚಳವಳಿ ಹಬ್ಬಿತ್ತು. ೧೯೩೮ರಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಸರ್ಕಾರದ ನಿಷೇಧವನ್ನು ಲೆಕ್ಕಿಸದೆ ಜನರು ರಾಷ್ಟ್ರಧ್ವಜವನ್ನೇರಿಸಿದರು. ಇಂತಹ ದಿನಗಳಲ್ಲಿ ಚನ್ನಬಸವಯ್ಯನವರು ಕುಂಚವನ್ನು ಕೆಳಗಿಟ್ಟು ಹೋರಾಟಕ್ಕಿಳಿದರು, ಸೆರೆವಾಸವನ್ನು ಅನುಭವಿಸಿದರು. ಮುಂದೆ 'ತಾಯಿನಾಡು' ಪತ್ರಿಕೆಯ ಸಂಪಾದಕರಾದರು. ವಿಧಾನ ಪರಿಷತ್ತಿನ ಸದಸ್ಯರೂ ಆದರು.

ಅಧಿಕಾರದ ದಾರಿ ತೆರೆದಿದ್ದರೂ ಅವರ ಮನಸ್ಸು ಅಲ್ಲಿ ನಿಲ್ಲಲಿಲ್ಲ. ೧೯೬೦ರ ದಶಕದಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಅವರು ಪುನಃ ಕುಂಚವನ್ನು ಹಿಡಿದರು. ಬಹುಕಾಲ ಅಭ್ಯಾಸ ತಪ್ಪಿದ ಕೈಯನ್ನು ಪಳಗಿಸುವುದು ಸಾಮಾನ್ಯ ಸಾಹಸವಲ್ಲ.

ಬೆಂಗಳೂರಿನ ಬೀದಿಗಳಲ್ಲಿ, ತೋಟಗಳಲ್ಲಿ ಹೂಬಿಟ್ಟ ಮರದ ಎದುರಿಗೇ ಕುಳಿತು ಅವರು ಚಿತ್ರ ಬರೆಯುತ್ತಿದ್ದರು. ಗುಲ್‌ಮೊಹರಿನ ಕೆಂಪು, ಜಕರಂಡದ ನೇರಳೆ ಅವರಿಗೆ ಅಚ್ಚುಮೆಚ್ಚು. ಎಲೆಯನ್ನಾಗಲಿ ಎಸಳನ್ನಾಗಲಿ ಅವರು ಒಂದೊಂದಾಗಿ ತಿದ್ದುತ್ತಿರಲಿಲ್ಲ. ಚಿಕ್ಕಚಿಕ್ಕ ಬಣ್ಣದ ಗೆರೆಗಳನ್ನು ಒತ್ತೊತ್ತಾಗಿ ಇಡುತ್ತಿದ್ದರು. ಹತ್ತಿರದಿಂದ ನೋಡಿದರೆ ಬರಿಯ ಬಣ್ಣದ ಚುಕ್ಕೆಗಳು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಬಿಸಿಲು ತುಂಬಿದ ಮರ! ೧೯೮೮ರಲ್ಲಿ ಅವರು ನಿಧನರಾದರು. ಅವರು ನಡೆದಾಡಿದ ಬೆಂಗಳೂರಿನ ಎಷ್ಟೋ ಸಾಲುಮರಗಳು ಈಗ ರಸ್ತೆಗಳ ಅಗಲೀಕರಣಕ್ಕೆ ಬಲಿಯಾಗಿವೆ.