ಕಟ್ಟಡದ ಕಾಲ, ಕಟ್ಟಡದ ಕಾಯಿಲೆ: ಒಂಬತ್ತನೆಯ ತರಗತಿಯ ಒಂದು ಅಭ್ಯಾಸ ಪಾಠ

‘ನಮ್ಮ ಊರಿನ ಪಾರಂಪರಿಕ ಕಟ್ಟಡಗಳು’ ಎಂಬ ವಿಷಯದ ಮೇಲೆ ನಾನು ಒಂಬತ್ತನೆಯ ತರಗತಿಗೆ ಮೂರು ಅವಧಿಗಳ ಪಾಠ ಮಾಡಿದೆ. ಶಾಲೆ ಮೈಸೂರಿನ ದೇವರಾಜ ಮಾರುಕಟ್ಟೆಗೆ ನಡೆದುಹೋಗುವಷ್ಟು ಹತ್ತಿರ. ಈ ವಿಷಯಕ್ಕೆ ನಮ್ಮಲ್ಲಿ ರೂಢಿಯಾಗಿರುವ ಪಾಠಯೋಜನೆ ಎಲ್ಲರಿಗೂ ಗೊತ್ತು: ಅರಮನೆಯ ಚಿತ್ರಪಟ, ಸಂವಿಧಾನದ 51ಎ ವಿಧಿಯ ಮೂಲಭೂತ ಕರ್ತವ್ಯ, ಕೊನೆಗೆ ‘ಪರಂಪರೆ ಉಳಿಸಿ’ ಎಂಬ ಭಿತ್ತಿಪತ್ರ. ಭಿತ್ತಿಪತ್ರ ಬರೆಯಲು ಮಕ್ಕಳು ಕಟ್ಟಡವನ್ನು ನೋಡಲೇಬೇಕೆಂದಿಲ್ಲ. ಆದ್ದರಿಂದ ಆ ಚಟುವಟಿಕೆಯನ್ನು ಕೈಬಿಟ್ಟು, ಉದ್ದೇಶವನ್ನು ಹೀಗೆ ಬರೆದುಕೊಂಡೆ: ವಿದ್ಯಾರ್ಥಿಗಳು ಕಟ್ಟಡದ ಕಾಲವನ್ನೂ ಕಾಯಿಲೆಯನ್ನೂ ಕಣ್ಣಿಗೆ ಕಾಣುವ ಸಾಕ್ಷ್ಯದಿಂದ ಊಹಿಸುವರು.

ಪೀಠಿಕೆಗೆ ಐದು ಮಿಂಚುಪಟ್ಟಿ ಕೊಟ್ಟು, ಹಳೆಯದರಿಂದ ಹೊಸದರವರೆಗೆ ಜೋಡಿಸಲು ಹೇಳಿದೆ. ಏಳು ಗುಂಪುಗಳಲ್ಲಿ ಆರು ಗುಂಪು ಈಗಿನ ಅರಮನೆಯನ್ನೇ ಮೊದಲು ಇಟ್ಟವು. ನಿಜವಾದ ಕ್ರಮ ಬೇರೆ. ಜಗನ್ಮೋಹನ ಅರಮನೆ 1861, ಚಿಕ್ಕ ಗಡಿಯಾರ 1886, ಲ್ಯಾನ್ಸ್‌ಡೌನ್ ಕಟ್ಟಡ 1892. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಕಟ್ಟಿದ ಈಗಿನ ಅರಮನೆ ಮುಗಿದದ್ದು 1912ರಲ್ಲಿ. ದೊಡ್ಡ ಗಡಿಯಾರ 1927ರದು. ಹಳೆಯ ಪುಸ್ತಕದ ಅಂಗಡಿಗಳಿಗೆ ಹೆಸರಾಗಿದ್ದ ಲ್ಯಾನ್ಸ್‌ಡೌನ್ ಸಾಲು ಅರಮನೆಗಿಂತ ಹಿರಿದು ಎಂದಾಗ ತರಗತಿಯಲ್ಲಿ ಗದ್ದಲವೇ ಆಯಿತು. ದೊಡ್ಡದು, ಚೆಂದದ್ದು, ದೀಪ ಹಾಕಿದ್ದು ಹಳೆಯದು ಎಂಬ ಎಣಿಕೆ ದೊಡ್ಡವರಲ್ಲೂ ಇದೆ.

ಎರಡನೆಯ ಅವಧಿ ಮನೆಗಳ ಬಗ್ಗೆ. ಹಿಂದಿನ ದಿನವೇ ಗೃಹಪಾಠ ಕೊಟ್ಟಿದ್ದೆ: ನಿಮ್ಮ ಬೀದಿಯಲ್ಲಿ ಜಗಲಿ, ಮರದ ಕಂಬ, ಹೆಂಚಿನ ಮಾಡು ಇರುವ ಒಂದು ಮನೆಯನ್ನು ಗುರುತಿಸಿ, ಮನೆಯವರನ್ನು ಕೇಳಿ ಬರೆದುಕೊಂಡು ಬನ್ನಿ. ಒಬ್ಬ ಹುಡುಗ ಒಡೆದ ಹೆಂಚನ್ನೇ ತಂದಿದ್ದ. ಮಂಗಳೂರು ಹೆಂಚಿನ ಮೇಲೆ ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಹಾಗಾದರೆ ಈ ಹೆಂಚು ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವೇ? ಇಲ್ಲ. ಮನೆ? ಅಲ್ಲಿ ತರಗತಿ ಸ್ವಲ್ಪ ಹೊತ್ತು ತಡವರಿಸಿತು. ಹಿಂದಿನ ಬೆಂಚಿನಿಂದ ಉತ್ತರ ಬಂತು: “ಮನೆ ಇನ್ನೂ ಹಳೇದಿರಬಹುದು ಮಿಸ್, ಹೆಂಚು ಆಮೇಲೆ ಹಾಕಿಸಿರಬಹುದು.” ಇತಿಹಾಸದ ಆಧಾರಗಳ ಬಗ್ಗೆ ನಾನು ಎರಡು ಅವಧಿ ವಿವರಿಸಿದ್ದರೂ ಇಷ್ಟು ಸ್ಪಷ್ಟವಾಗಿ ಹೇಳುತ್ತಿರಲಿಲ್ಲವೇನೋ.

ಮೂರನೆಯ ಅವಧಿಯೇ ಪಾಠದ ತಿರುಳು. ಗಾರೆ ಕೆಲಸದ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆಸಿದ್ದೆ. ಮದ್ರಾಸ್ ತಾರಸಿ ಹೇಗೆ ಕಟ್ಟುತ್ತಾರೆಂದು ಅವರು ಮೇಜಿನ ಮೇಲೆ ಸೀಮೆಸುಣ್ಣದ ತುಂಡುಗಳನ್ನಿಟ್ಟು ತೋರಿಸಿದರು. ಮರದ ತೊಲೆಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸುವುದು, ಮೇಲೆ ಇಟ್ಟಿಗೆಚೂರು ಮತ್ತು ಸುಣ್ಣ ಹಾಕಿ ದಿನಗಟ್ಟಲೆ ಬಡಿಯುವುದು. ತೊಲೆಯ ತುದಿ ಗೋಡೆಯೊಳಗೆ ಹುದುಗಿರುತ್ತದೆ. ಮಳೆನೀರಿನ ಕೊಳವೆ ಕಟ್ಟಿಕೊಂಡು ನೀರು ಗೋಡೆಗೆ ಇಳಿದರೆ ಕೊಳೆಯುವುದು ಆ ತುದಿ, ಹೊರಗಿನಿಂದ ಕಾಣುವುದಿಲ್ಲ. ಗೋಡೆಯಲ್ಲಿ ಹುಟ್ಟಿದ ಅರಳಿ ಸಸಿಯನ್ನು ಎಳೆಯದಿದ್ದಾಗಲೇ ಕೀಳದಿದ್ದರೆ ಬೇರು ಕಲ್ಲನ್ನೇ ಸರಿಸುತ್ತದೆ. ಆಮೇಲೆ ಹಳೆಯ ಸುಣ್ಣದ ಗಾರೆಯ ಚೂರು, ಸಿಮೆಂಟಿನ ಚೂರು ಎರಡರ ಮೇಲೂ ಒಂದೊಂದು ಹನಿ ನೀರು ಬಿಟ್ಟೆವು. ಗಾರೆ ಬೇಗ ಹೀರಿಕೊಂಡಿತು, ಸಿಮೆಂಟಿನ ಮೇಲೆ ಹನಿ ನಿಂತಿತು. ಹಳೆಯ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಗೆ ಬರಲಾರದೆ ಗೋಡೆಯಲ್ಲೇ ಉಳಿಯುತ್ತದೆ ಎಂಬುದನ್ನು ಮಕ್ಕಳೇ ಹೇಳಿದರು.

ಇಷ್ಟಾದ ಮೇಲೆ ಆ ಎರಡು ಘಟನೆಗಳನ್ನು ಹೇಳಿದೆ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಬಿತ್ತು. ಕೆಡವಿ ಅದೇ ಮಾದರಿಯಲ್ಲಿ ಕಟ್ಟಬೇಕು ಎನ್ನುವವರಿಗೂ ದುರಸ್ತಿ ಮಾಡಿ ಉಳಿಸಬೇಕು ಎನ್ನುವವರಿಗೂ ನಡೆದ ವಾದ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಚರ್ಚೆ ‘ಉಳಿಸಬೇಕು’ ಎಂಬ ಕಡೆಗೇ ಓಡುತ್ತಿದ್ದಾಗ ಒಬ್ಬಳು ಎದ್ದು, “ನಮ್ಮಪ್ಪ ಆ ಗೋಡೆ ಕೆಳಗೇ ಹೂವು ಮಾರೋದು ಮಿಸ್” ಎಂದಳು. ತರಗತಿ ಸುಮ್ಮನಾಯಿತು.

ಇಂಥ ಕಡೆ ತೀರ್ಪು ಕೊಡುವುದು ಶಿಕ್ಷಕರ ಕೆಲಸವಲ್ಲವೆಂದು ನನ್ನ ಅಭಿಪ್ರಾಯ. ಎರಡೂ ಕಡೆಯವರನ್ನು ಏನು ಕೇಳಬೇಕು ಎಂದು ಪ್ರಶ್ನೆ ತಿರುಗಿಸಿದೆ. ಕಪ್ಪುಹಲಗೆ ತುಂಬಿತು. ತೊಲೆಯ ತುದಿಗಳನ್ನು ಯಾರಾದರೂ ಬಿಚ್ಚಿ ನೋಡಿದ್ದಾರೆಯೇ? ದುರಸ್ತಿಗೆ ಸುಣ್ಣವೋ ಸಿಮೆಂಟೋ? ಕೆಲಸ ನಡೆಯುವಾಗ ಅಂಗಡಿಯವರು ಎಲ್ಲಿ ಕೂರುತ್ತಾರೆ? ಹೊಸ ಕಟ್ಟಡದಲ್ಲಿ ಹಳೆಯ ಬಾಡಿಗೆಗೇ ಜಾಗ ಸಿಗುತ್ತದೆಯೇ? ಕೊನೆಯೆರಡು ಪ್ರಶ್ನೆ ಆ ಹುಡುಗಿಯವು. ಚಿತ್ರಪಟವಾಗಲಿ ಮೂಲಭೂತ ಕರ್ತವ್ಯವಾಗಲಿ ಈ ಪ್ರಶ್ನೆಗಳನ್ನು ಹೊರಡಿಸುತ್ತಿರಲಿಲ್ಲ.

ಈ ಪಾಠ ಮಾಡಬಯಸುವ ಪ್ರಶಿಕ್ಷಣಾರ್ಥಿಗಳಿಗೆ ಒಂದೆರಡು ಮಾತು. ವೀಕ್ಷಣೆಗೆ ಕರೆದೊಯ್ಯುವುದಾದರೆ ಮುಖ್ಯೋಪಾಧ್ಯಾಯರ ಲಿಖಿತ ಅನುಮತಿ ಪಡೆದು, ರಸ್ತೆಯ ಈಚೆ ಬದಿಯಿಂದಲೇ ತೋರಿಸಿ. ಶಿಥಿಲ ಕಟ್ಟಡದ ಸೂರಿನಡಿ ಮಕ್ಕಳನ್ನು ನಿಲ್ಲಿಸಬೇಡಿ. ಮಳೆ ನಿಂತ ಮಾರನೆಯ ದಿನ ಹೋದರೆ ತೇವದ ಕಲೆಗಳು ಚೆನ್ನಾಗಿ ಕಾಣುತ್ತವೆ. ಮೇಸ್ತ್ರಿಗೆ ಅರ್ಧ ಅವಧಿ ಸಾಲದು, ಪೂರ್ತಿ ಬಿಟ್ಟುಕೊಡಿ.