ನಾಲ್ಕನೇ ಕೋಳಿ ತೂಕಡಿಸುತ್ತಿದೆ

ಪ್ರಶ್ನೆ: ನಮ್ಮದು ಕೆ.ಆರ್. ಪೇಟೆ ತಾಲ್ಲೂಕು, ಹೇಮಗಿರಿ ಹತ್ತಿರದ ಹಳ್ಳಿ. ಅತ್ತೆ ಹದಿನಾಲ್ಕು ನಾಟಿಕೋಳಿ ಸಾಕಿದ್ದಾರೆ. ಅವು ಅತ್ತೆ ಕೈಗೆ ಬಿಟ್ಟರೆ ಬೇರೆ ಯಾರ ಕೈಗೂ ಸಿಗುವುದಿಲ್ಲ. ಹದಿನೈದು ದಿನದ ಹಿಂದೆ ಸಂತೆಯಿಂದ ಎರಡು ಹ್ಯಾಟೆ ತಂದು ಅವುಗಳ ಜೊತೆ ಬಿಟ್ಟರು. ಆಮೇಲೆ ಒಂದೊಂದಾಗಿ ಮೂರು ಕೋಳಿ ಸತ್ತವು. ಈಗ ನಾಲ್ಕನೆಯದು ತೂಕಡಿಸುತ್ತಿದೆ. ‘ಸತ್ತೋಗೋದ್ರೊಳಗೆ ಕುಯ್ದು ಸಾರು ಮಾಡ್ಬುಡವ’ ಎಂದು ಅತ್ತೆ ಹೇಳಿದಾಗ ನಾನು ‘ಇದು ಹಕ್ಕಿಜ್ವರ, ಮಕ್ಕಳನ್ನು ಸಾಯಿಸ್ತೀರಾ’ ಎಂದು ಕೂಗಾಡಿಬಿಟ್ಟೆ. ನಾಲ್ಕು ದಿನದಿಂದ ಅವರು ನನ್ನ ಹತ್ತಿರ ಮಾತಾಡಿಲ್ಲ. ಮೊಬೈಲಿನಲ್ಲಿ ವಿಡಿಯೊ ನೋಡಿದ ಯಜಮಾನರು ಇನ್ನು ಮನೆಗೆ ಕೋಳಿಯೂ ಬೇಡ, ಮೊಟ್ಟೆಯೂ ಬೇಡ ಅನ್ನುತ್ತಿದ್ದಾರೆ. ಆರು ವರ್ಷದ ಮಗನಿಗೆ ಶಾಲೆಯಲ್ಲಿ ಮೊಟ್ಟೆ ಕೊಡುತ್ತಾರೆ, ಬೇಡವೆಂದು ಮೇಷ್ಟ್ರಿಗೆ ಹೇಳಲೇ? ಮೂರು ವರ್ಷದ ಮಗಳು ದಿನವಿಡೀ ಅಜ್ಜಿಯ ಹಿಂದೆ, ಕೋಳಿಗಳ ನಡುವೆಯೇ ಇರುತ್ತಾಳೆ. ಹೊಸತೊಡಕಿಗೆ ನಾದಿನಿ ಮನೆಯವರು ಬರುವವರಿದ್ದಾರೆ. ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ತಾಯಿ, ಮಿಕ್ಕ ಮಾತೆಲ್ಲ ಆಮೇಲೆ. ಆ ನಾಲ್ಕನೇ ಕೋಳಿಯನ್ನು ಕೊಯ್ಯಬೇಡಿ, ಮಾರಬೇಡಿ, ಯಾರಿಗೂ ಕೊಡಬೇಡಿ. ಅದನ್ನು ಬೇರೆ ಮಂಕರಿಯಲ್ಲಿ ಮುಚ್ಚಿಡಿ. ಮಗಳು ಹಿತ್ತಲಿಗೆ ಹೋಗದಂತೆ ನೋಡಿಕೊಳ್ಳಿ. ನಿಮ್ಮ ಹೋಬಳಿಯ ಪಶು ಆಸ್ಪತ್ರೆಗೆ ಸುದ್ದಿ ಮುಟ್ಟಿಸಿ, ಇಲ್ಲವೇ 1962ಕ್ಕೆ ಫೋನ್ ಮಾಡಿ. ‘ಹದಿನೈದು ದಿನದಲ್ಲಿ ಮೂರು ಸತ್ತಿವೆ, ಹೊಸ ಕೋಳಿ ತಂದು ಸೇರಿಸಿದ್ದೆವು’ ಎಂದು ಅಷ್ಟನ್ನೂ ಹೇಳಿ. ಈ ಪತ್ರಿಕೆ ನಿಮ್ಮ ಕೈಸೇರುವ ಹೊತ್ತಿಗೆ ಆ ಕೋಳಿ ಸತ್ತಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಪರೀಕ್ಷೆಗೆ ಬೇಕೋ ಎಂದು ಕೇಳಿ. ಬೇಡವೆಂದರೆ ಬಾವಿಯಿಂದ ದೂರ, ಆಳವಾದ ಗುಂಡಿ ತೋಡಿ, ಸುಣ್ಣ ಸುರಿದು ಹೂಳಿ. ಮೊದಲ ಮೂರನ್ನು ಏನು ಮಾಡಿದಿರೆಂದು ನೀವು ಬರೆದಿಲ್ಲ. ನಮ್ಮ ಕಡೆ ಸತ್ತ ಕೋಳಿಯನ್ನು ನಾಲೆಗೆ ಎಸೆಯುವ ರೂಢಿ ಇರುವುದರಿಂದ ಕೇಳುತ್ತಿದ್ದೇನೆ. ಅದೇ ನೀರು ಕೆಳಗಿನ ಊರಿನ ಕೋಳಿ, ಬಾತುಗಳೂ ಕುಡಿಯುವ ನೀರು.

ಈಗ ನಿಮ್ಮ ಭಯಕ್ಕೆ ಬರೋಣ. ಸಂತೆಯಿಂದ ತಂದ ಕೋಳಿ, ನಂತರ ಒಂದೊಂದಾಗಿ ಸಾವು, ತೂಕಡಿಕೆ. ಈ ಕಥೆಯನ್ನು ಪಶುವೈದ್ಯನಾಗಿದ್ದ ವರ್ಷಗಳಲ್ಲಿ ನೂರಾರು ಹಿತ್ತಲುಗಳಲ್ಲಿ ಕೇಳಿದ್ದೇನೆ. ಹೆಚ್ಚಿನ ಸಲ ಅದು ಕೊಕ್ಕರೆ ರೋಗವಾಗಿರುತ್ತಿತ್ತು. ಪಶುವೈದ್ಯರು ರಾಣಿಖೇತ್ ಎನ್ನುವ ಈ ರೋಗ ನಿಮ್ಮ ಅತ್ತೆಗೆ ಚೆನ್ನಾಗಿ ಗೊತ್ತಿರುತ್ತದೆ. ಬಿಸಿಲು ಏರುತ್ತಿದ್ದಂತೆ ಬರುತ್ತದೆ. ಕೋಳಿ ರೆಕ್ಕೆ ಇಳಿಬಿಟ್ಟು ಮೂಲೆ ಸೇರುತ್ತದೆ, ಹಸಿರು ಹಸಿರಾಗಿ ಭೇದಿ ಮಾಡುತ್ತದೆ, ಬಾಯಿ ತೆರೆದು ಉಸಿರೆಳೆಯುತ್ತದೆ. ಕೆಲವಕ್ಕೆ ಕತ್ತು ತಿರುಚಿಕೊಂಡು ಮುಖ ಬೆನ್ನ ಕಡೆಗೆ ಹೋಗುತ್ತದೆ. ಹಕ್ಕಿಜ್ವರದ ಹೊಡೆತ ಹೆಚ್ಚಾಗಿ ಇದಕ್ಕಿಂತ ಜೋರು. ಜುಟ್ಟು, ಗಲ್ಲದ ತೊಗಲು ನೀಲಿಗಟ್ಟುತ್ತವೆ, ತಲೆ ಊದುತ್ತದೆ, ಕಾಲಿನ ಮೇಲೆ ಕೆಂಪು ಕಲೆ ಏಳುತ್ತದೆ, ನಿನ್ನೆ ಮೇಯುತ್ತಿದ್ದ ಹಿಂಡು ಇವತ್ತು ಮಲಗಿರುತ್ತದೆ. ಆದರೂ ಕಣ್ಣಲ್ಲಿ ನೋಡಿ ಇದು ಅದೇ, ಇದು ಅದಲ್ಲ ಎಂದು ಹೇಳಲು ಯಾವ ಡಾಕ್ಟರಿಗೂ ಆಗದು. ಮಾದರಿ ಪ್ರಯೋಗಾಲಯಕ್ಕೆ ಹೋಗಲೇಬೇಕು. ದೇಶದಲ್ಲಿ ಹಕ್ಕಿಜ್ವರವೆಂದು ಕೊನೆಯ ಮಾತು ಹೇಳುವುದು ಭೋಪಾಲದ ಪ್ರಯೋಗಾಲಯ. ಆದ್ದರಿಂದ ನೀವು ‘ಇದು ಹಕ್ಕಿಜ್ವರ’ ಎಂದು ಕೂಗಿದ್ದಕ್ಕೂ ಆಧಾರವಿರಲಿಲ್ಲ, ‘ಇದು ಮಾಮೂಲಿ’ ಎಂದು ಅತ್ತೆ ಕತ್ತಿ ಹುಡುಕಿದ್ದಕ್ಕೂ ಆಧಾರವಿರಲಿಲ್ಲ.

ಆ ಕತ್ತಿಯ ಬಗ್ಗೆಯೇ ಸ್ವಲ್ಪ ಹೇಳಬೇಕು. ಮನುಷ್ಯರಿಗೆ ಹಕ್ಕಿಜ್ವರ ಹತ್ತಿದ ಬಹುಪಾಲು ಕಡೆ ದಾರಿ ಒಂದೇ: ರೋಗ ಬಂದ ಅಥವಾ ಸತ್ತ ಹಕ್ಕಿಯನ್ನು ಹಿಡಿದದ್ದು, ಕೊಯ್ದದ್ದು, ಪುಕ್ಕ ತರಿದದ್ದು, ಅದರ ಹಿಕ್ಕೆಯಲ್ಲಿ ಓಡಾಡಿದ್ದು. ವೈರಸ್ಸು ಕೋಳಿಯ ಮೂಗಿನ ನೀರಿನಲ್ಲಿ, ಹಿಕ್ಕೆಯಲ್ಲಿ, ರಕ್ತದಲ್ಲಿ ಇರುತ್ತದೆ. ಹಳ್ಳಿಯಲ್ಲಿ ಕೋಳಿ ಕೊಯ್ಯುವ ಹೊತ್ತನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಒಬ್ಬರು ಕಾಲು ಹಿಡಿದಿರುತ್ತಾರೆ, ಅದು ರೆಕ್ಕೆ ಬಡಿಯುತ್ತದೆ, ರಕ್ತ ಮುಖಕ್ಕೆ ಸಿಡಿಯುತ್ತದೆ. ಬಿಸಿನೀರಿಗೆ ಅದ್ದಿ ಪುಕ್ಕ ಕೀಳುವಾಗ ಹಬೆ ಮೂಗಿಗೆ ಬಡಿಯುತ್ತದೆ. ತೆಂಗಿನ ಗರಿ ಹೊತ್ತಿಸಿ ಸುಡುವಾಗ ಸುತ್ತ ಮಕ್ಕಳು ಕೂತಿರುತ್ತಾರೆ. ಕೆಂಡದ ಮೇಲೆ ಅರ್ಧ ಬೆಂದ ಲಿವರನ್ನು ಊದಿ ಊದಿ ಮೊದಲು ಅವರ ಬಾಯಿಗೇ ಇಡುತ್ತೇವೆ. ನನ್ನ ಅಜ್ಜಿಯೂ ನನಗೆ ಹಾಗೇ ತಿನ್ನಿಸಿದವರು. ಅದು ಪ್ರೀತಿ, ನನಗೆ ಗೊತ್ತು. ಆದರೆ 2025ರ ಮಾರ್ಚಿನಲ್ಲಿ ಪಕ್ಕದ ಆಂಧ್ರದ ಪಲ್ನಾಡು ಜಿಲ್ಲೆಯ ಎರಡು ವರ್ಷದ ಮಗುವೊಂದು ಎಚ್5ಎನ್1 ಹಕ್ಕಿಜ್ವರದಿಂದ ತೀರಿಕೊಂಡಿತು. ಮನೆಯಲ್ಲಿ ಕೋಳಿ ಹೆಚ್ಚುತ್ತಿದ್ದಾಗ ಒಂದು ಹಸಿ ತುಂಡು ತಿಂದಿತ್ತು ಎಂದು ಮನೆಯವರು ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ನಿಮ್ಮ ಮಗಳಿಗೆ ಮೂರು ವರ್ಷ. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ನಿಮ್ಮ ಹೆದರಿಕೆ ಊಟದ ಎಲೆಯ ಮೇಲೆ ಕೂತಿದೆ, ಅದನ್ನು ಅಲ್ಲಿಂದ ಎಬ್ಬಿಸಿ ಹಿತ್ತಲಿನ ಕಡೆ ಕಳಿಸಿ ಎಂದು ಕೇಳಿಕೊಳ್ಳುತ್ತಿದ್ದೇನೆ.

ಎಲೆಯ ಮೇಲಿನ ಮಾತು ಸುಲಭ. ಮಾಂಸದ ಒಳಗಿನವರೆಗೂ 70 ಡಿಗ್ರಿ ಸೆಲ್ಸಿಯಸ್ ಬಿಸಿ ಮುಟ್ಟಿದರೆ ಈ ವೈರಸ್ಸು ಉಳಿಯುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಸಾರು ಕುದಿಯುವುದು ನೂರರ ಹತ್ತಿರ, ಅದೂ ನಾಟಿಕೋಳಿಯಾದರೆ ಮುಕ್ಕಾಲು ಗಂಟೆಗೆ ಕಡಿಮೆಯಿಲ್ಲ. ಮೂಳೆ ಪಕ್ಕ ಕೆಂಪು ಉಳಿಯದಂತೆ ಬೇಯಲಿ, ಅಷ್ಟೇ. ಫ್ರಿಜ್ಜಿನಲ್ಲಿಟ್ಟರೆ ವೈರಸ್ಸು ಸಾಯುತ್ತದೆ ಎಂದು ನಂಬಿದವರಿದ್ದಾರೆ. ಸಾಯುವುದಿಲ್ಲ, ತಂಪಿನಲ್ಲಿ ಅದು ಇನ್ನೂ ಹೆಚ್ಚು ದಿನ ಬಾಳುತ್ತದೆ. ಮಗನ ಶಾಲೆಯ ಮೊಟ್ಟೆ ಗಟ್ಟಿಯಾಗಿ ಬೆಂದದ್ದು, ಅದನ್ನು ತಪ್ಪಿಸಬೇಡಿ. ವಾರಕ್ಕೆ ಆರು ದಿನ ಮೊಟ್ಟೆ ಎಂದು ಸರ್ಕಾರ ಮಾಡಿದ್ದು ಹಳ್ಳಿಯ ಮಕ್ಕಳಿಗೆ ಸಿಕ್ಕ ದೊಡ್ಡ ಪುಣ್ಯ ಎಂದು ನಾನು ತಿಳಿದಿದ್ದೇನೆ. ಮನೆಯಲ್ಲಿ ಮಾತ್ರ ಹಾಫ್ ಬಾಯಿಲ್ ಬೇಡ. ಗರಡಿಗೆ ಹೋಗುವ ಹುಡುಗರು ಹಸಿಮೊಟ್ಟೆ ಒಡೆದು ಕುಡಿಯುವುದು ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಇನ್ನೂ ಇದೆ. ಅವರಿಗೂ ಇದೇ ಮಾತು.

ಯಜಮಾನರು ವಿಡಿಯೊ ನೋಡಿ ಕೋಳಿಯನ್ನೇ ಬಿಟ್ಟದ್ದರ ಬಗ್ಗೆ ನನಗೆ ಒಂದು ಸಂಕಟವಿದೆ. ಹಕ್ಕಿಜ್ವರ ನಮ್ಮ ರಾಜ್ಯಕ್ಕೆ ಹೊಸದಲ್ಲ. 2012ರಲ್ಲಿ ಹೆಸರಘಟ್ಟದ ಕೇಂದ್ರ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಲ್ಲಿ ಟರ್ಕಿ ಕೋಳಿಗಳು ಸತ್ತವು. 2017ರ ಜನವರಿಯಲ್ಲಿ ನೀರುಹಕ್ಕಿಗಳು ಸತ್ತು ಮೈಸೂರಿನ ಮೃಗಾಲಯ ಒಂದು ತಿಂಗಳು ಬಾಗಿಲು ಮುಚ್ಚಿತು. 2020ರ ಮಾರ್ಚಿನಲ್ಲಿ ಅದೇ ಮೈಸೂರಿನ ಕುಂಬಾರಕೊಪ್ಪಲಿಗೆ ಬಂತು, ಹರಿಹರದ ಬನ್ನಿಕೋಡಿಗೂ ಬಂತು. 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿ, ಸಂಡೂರಿನ ಕುರೇಕುಪ್ಪ. ರೋಗ ಬಂದ ಜಾಗದ ಸುತ್ತ ಒಂದು ಕಿಲೋಮೀಟರಿನ ಕೋಳಿಗಳನ್ನು ಕೊಂದು ಹೂಳುವುದು, ಹತ್ತು ಕಿಲೋಮೀಟರಿನ ಮೇಲೆ ಕಣ್ಣಿಡುವುದು ಕ್ರಮ. ಆದರೆ 2020ರಲ್ಲಿ ಕೋಳಿ ಸಾಕಿದವರನ್ನು ಮುಳುಗಿಸಿದ್ದು ಹಕ್ಕಿಜ್ವರಕ್ಕಿಂತ ಹೆಚ್ಚಾಗಿ ಸುಳ್ಳು ಸುದ್ದಿ. ಕೋಳಿ ತಿಂದರೆ ಕೊರೊನಾ ಎಂದು ಮೊಬೈಲಿನಲ್ಲಿ ಹರಿದಾಡಿ, ಕೊಳ್ಳುವವರೇ ಇಲ್ಲದೆ, ಗೋಕಾಕ ತಾಲ್ಲೂಕಿನ ರೈತರೊಬ್ಬರು ಸಾವಿರಾರು ಕೋಳಿಗಳನ್ನು ಜೀವಂತ ಗುಂಡಿಗೆ ತಳ್ಳಿದರು. ರೋಗ ಕಂಡು ತಳ್ಳಿದ್ದಲ್ಲ ಅದು. ನಿಮ್ಮ ತಾಲ್ಲೂಕಿನಲ್ಲೂ ಸಾಲ ಮಾಡಿ ಶೆಡ್ ಕಟ್ಟಿದವರಿದ್ದಾರೆ, ಯಜಮಾನರಿಗೆ ಅವರ ಪರಿಚಯ ಇದ್ದೇ ಇರುತ್ತದೆ.

ಇನ್ನೊಂದು ಸಂಗತಿಯೂ ನೆನಪಾಗುತ್ತದೆ. 2017ರ ಕೊನೆಯಲ್ಲಿ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಮರದಿಂದ ಉದುರತೊಡಗಿದಾಗ ಎಲ್ಲರ ಬಾಯಲ್ಲೂ ಹಕ್ಕಿಜ್ವರವೇ. ಪರೀಕ್ಷೆ ಮಾಡಿದರೆ ಹೊಟ್ಟೆಯಲ್ಲಿ ಜಂತುಹುಳು. ಪರೀಕ್ಷೆಗೆ ಕಳಿಸಿದ್ದರಿಂದ ಅದು ತಿಳಿಯಿತು.

ಪಶು ಆಸ್ಪತ್ರೆಗೆ ಹೇಳಿದರೆ ಎಲ್ಲ ಕೋಳಿಯನ್ನೂ ಕೊಂದುಬಿಡುತ್ತಾರೆ ಎಂಬ ಭಯ ನಿಮ್ಮ ಅತ್ತೆಗಿರಬಹುದು. ಹೆಚ್ಚಿನವರು ಬಾಯಿ ಮುಚ್ಚಿಕೊಳ್ಳುವುದು ಇದೇ ಭಯಕ್ಕೆ. ಒಂದು ಕೋಳಿ ಸತ್ತಿದೆ ಎಂದಾಕ್ಷಣ ಯಾರೂ ಬಂದು ಹಿಂಡನ್ನು ಕೊಲ್ಲುವುದಿಲ್ಲ. ಮೊದಲು ಪರೀಕ್ಷೆ, ಹಕ್ಕಿಜ್ವರ ಖಚಿತವಾದ ಮೇಲೆ ಮಾತ್ರ ಆ ಕೆಲಸ. ಹಾಗೆ ಸರ್ಕಾರ ಕೊಂದ ಕೋಳಿಗಳಿಗೆ ಪರಿಹಾರವೂ ಉಂಟು. ಕೊಕ್ಕರೆ ರೋಗವೆಂದಾದರೆ, ಹಿಂಡು ಸುಧಾರಿಸಿಕೊಂಡ ಮೇಲೆ ಡಾಕ್ಟರು ಹೇಳಿದ ದಿನ ಲಸಿಕೆ ಹಾಕಿಸಿ. ಮರಿಗೆ ಮೊದಲ ವಾರದಲ್ಲೇ ಕಣ್ಣಿಗೊಂದು ಹನಿ, ಎರಡು ತಿಂಗಳ ಆಸುಪಾಸಿನಲ್ಲಿ ಒಂದು ಚುಚ್ಚುಮದ್ದು. ಇಷ್ಟರಿಂದ ಪ್ರತಿ ಬೇಸಿಗೆ ನಿಮ್ಮ ಹಿತ್ತಲು ಬರಿದಾಗುವುದು ತಪ್ಪುತ್ತದೆ. ಸಂತೆಯ ಕೋಳಿಯನ್ನು ಮುಂದೆ ಎರಡು ಮೂರು ವಾರ ಬೇರೆಯೇ ಮುಚ್ಚಿಟ್ಟು ನೋಡಿ ಬಿಡಿ. ನಿಮ್ಮ ಕಡೆ ಕೆರೆಕಟ್ಟೆಗಳಿಗೆ ಚಳಿಗಾಲದಲ್ಲಿ ದೂರದ ನೀರುಹಕ್ಕಿಗಳು ಬಂದಿಳಿಯುತ್ತವೆ. ರೋಗ ಅವುಗಳ ಜೊತೆಗೂ ಬರಬಹುದಾದ್ದರಿಂದ ಕೋಳಿಗೆ ಮನೆಯಲ್ಲೇ ನೀರಿಡಿ.

ಮನೆಯವರಲ್ಲಿ ಯಾರಿಗಾದರೂ ಮುಂದಿನ ಹತ್ತು ಹದಿನೈದು ದಿನದಲ್ಲಿ ಜ್ವರ, ಕೆಮ್ಮು, ಉಸಿರಾಟದ ತೊಂದರೆ, ಕಣ್ಣು ಕೆಂಪಾಗುವುದು ಕಂಡರೆ ತಡಮಾಡದೆ ಡಾಕ್ಟರ ಬಳಿ ಹೋಗಿ. ಮನೆಯಲ್ಲಿ ಕೋಳಿ ಸತ್ತಿವೆ ಎಂದು ಅವರು ಕೇಳುವ ಮೊದಲೇ ಹೇಳಿ. ಬೇಗ ಶುರುಮಾಡಿದರೆ ಕೆಲಸ ಮಾಡುವ ಔಷಧವಿದೆ.

ಹೊಸತೊಡಕು ನಿಲ್ಲಿಸಬೇಡಿ. ಆರೋಗ್ಯವಾಗಿ ಓಡಾಡುತ್ತಿರುವ ಕೋಳಿಯನ್ನು ಅಂಗಡಿಯಲ್ಲೇ ಕೊಯ್ಯಿಸಿ, ಶುಚಿ ಮಾಡಿಸಿ ತನ್ನಿ. ಈ ವರ್ಷ ಹಿತ್ತಲಿನ ಕೋಳಿ ಬೇಡ. ಮಾಂಸ ಹೆಚ್ಚಿದ ಮಣೆ, ಚಾಕುವನ್ನು ಸೋಪು ಹಾಕಿ ತೊಳೆದ ಮೇಲೆ ಕೊತ್ತಂಬರಿಗೆ ಕೈಹಾಕಿ. ನಾದಿನಿ ಮನೆಯವರು ಹೊಟ್ಟೆ ತುಂಬ ಉಂಡು ಹೋಗಲಿ.

ಅತ್ತೆಯ ಮೌನಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದೇ. ಹದಿನಾಲ್ಕು ಕೋಳಿ ಎಂದರೆ ಅವರ ಸ್ವಂತ ದುಡ್ಡು. ಮೊಮ್ಮಗನಿಗೆ ಪೆನ್ಸಿಲು, ಮಗಳು ಬಂದರೆ ಕೈಗಿಡುವ ಇನ್ನೂರು ರೂಪಾಯಿ, ಯಾರನ್ನೂ ಕೇಳದೆ ಖರ್ಚು ಮಾಡುವ ಹಣ ಅವರಿಗೆ ಇನ್ನೆಲ್ಲಿಂದ ಬರಬೇಕು? ಮೂರು ಹೋದವು, ನಾಲ್ಕನೆಯದೂ ಹೋಗುತ್ತಿದೆ. ಸಾರಾದರೂ ದಕ್ಕಲಿ ಎಂದು ಅವರು ಅಂದದ್ದು ಆ ನಷ್ಟದ ಸಂಕಟಕ್ಕೆ. ‘ಮಕ್ಕಳನ್ನು ಸಾಯಿಸ್ತೀರಾ’ ಎಂಬ ಮಾತು, ಆ ಮಕ್ಕಳನ್ನು ದಿನವಿಡೀ ಕಂಕುಳಲ್ಲಿ ಹೊರುವವರ ಎದೆಗೆ ಹೇಗೆ ನಾಟಿರಬೇಕು ನೋಡಿ. ಆ ಮಾತನ್ನು ವಾಪಸು ತೆಗೆದುಕೊಳ್ಳಿ. ಕೊಯ್ಯಬೇಡಿ ಎಂಬ ಮಾತನ್ನು ಮಾತ್ರ ವಾಪಸು ತೆಗೆದುಕೊಳ್ಳಬೇಡಿ. ಪಶು ಆಸ್ಪತ್ರೆಗೆ ಫೋನ್ ಮಾಡುವಾಗ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಯಾವ ಕೋಳಿ ಯಾವತ್ತು ಮೇವು ಬಿಟ್ಟಿತು ಎಂದು ಅವರೇ ಹೇಳಲಿ. ಅದು ನಿಮಗಿಂತ ಚೆನ್ನಾಗಿ ಅವರಿಗೆ ಗೊತ್ತಿರುತ್ತದೆ. ಲಸಿಕೆ ಹಾಕುವ ದಿನವೂ ಅವರೇ ಬೇಕು. ಉಳಿದ ಕೋಳಿಗಳು ಅವರ ಕೈಗೆ ಮಾತ್ರ ಸಿಗುತ್ತವೆ ಎಂದು ನೀವೇ ಬರೆದಿದ್ದೀರಿ.