ಸಣ್ಣ ಅಕ್ಷರ ಓದು, ಮಗಳೇ

ಮನೆಯವರ ಮಾತ್ರೆ, ಟಾನಿಕ್ಕಿನ ಉಸ್ತುವಾರಿಯೆಲ್ಲ ಈಗ ನಿನ್ನ ತಲೆಗೇ ಬಂತು ಅಂದೆ. ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ನಿಂತೇ ತಲೆ ನರೆಸಿಕೊಂಡ ದೊಡ್ಡಪ್ಪ ನಾನು. ನನ್ನಿಂದ ಒಂದು ಮಾತು ಕೇಳಿಸಿಕೋ: ಮಾತ್ರೆಯನ್ನು ಬಣ್ಣದಿಂದಲೂ ಗುರುತಿಸಬೇಡ, ಕಂಪನಿ ಇಟ್ಟ ಹೆಸರಿನಿಂದಲೂ ಗುರುತಿಸಬೇಡ. ಸ್ಟ್ರಿಪ್ಪಿನ ಬೆನ್ನಿಗೆ ಸಣ್ಣ ಅಕ್ಷರದಲ್ಲಿ ಒಳಗಿನ ಔಷಧಿಯ ಹೆಸರಿರುತ್ತದೆ, ಅದನ್ನು ಓದು.

ಮೈ ಬಿಸಿಯಾದರೆ ಡೋಲೋ 650, ಮೂಗು ಸೋರಿದರೆ ನೆಗಡಿ ಮಾತ್ರೆ. ಎರಡನ್ನೂ ತಿರುಗಿಸಿ ನೋಡು; ಎಷ್ಟೋ ಸಲ ಎರಡರಲ್ಲೂ ಪ್ಯಾರಸಿಟಮಾಲ್ ಇರುತ್ತದೆ. ಆರೋಗ್ಯವಾಗಿರುವ ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಅದರ ಮೇಲಿನ ಮಿತಿ. ಮೀರಿದರೆ ಪೆಟ್ಟು ಲಿವರಿಗೆ.

ಬಿಪಿ ಮಾತ್ರೆಯದೂ ಇದೇ ಕಥೆ. ಡಾಕ್ಟರು ಟೆಲ್ಮಾ ಬರೆದಿರುತ್ತಾರೆ. ಜನೌಷಧಿ ಕೇಂದ್ರದಲ್ಲಿ ಟೆಲ್ಮಿಸಾರ್ಟಾನ್ ಕೊಟ್ಟಿರುತ್ತಾರೆ. ಎರಡೂ ಒಂದೇ ಔಷಧಿ. ಬೇರೆ ಬೇರೆ ಅಂದುಕೊಂಡು ನಿಮ್ಮತ್ತೆ ಎರಡನ್ನೂ ನುಂಗಿದರೆ ಬಿಪಿ ಕುಸಿದು, ಏಳುವಾಗ ತಲೆಸುತ್ತಿ ಬಿದ್ದಾರು. ಅದಕ್ಕೇ ಡಾಕ್ಟರ ಹತ್ತಿರ ಹೋಗುವಾಗ ಚೀಟಿಯೊಂದೇ ಸಾಲದು. ನಡೆಯುತ್ತಿರುವ ಮಾತ್ರೆಗಳನ್ನೆಲ್ಲ, ಚೂರ್ಣ ಲೇಹ್ಯವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗು.

ಇನ್ನೊಂದು ನನಗೆ ಯಾವಾಗಲೂ ಎದೆ ಡವಡವ ಅನ್ನಿಸುತ್ತಿದ್ದದ್ದು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವಂಥದ್ದು. ದಿನಾ ನುಂಗಿದರೆ ಜೀವಕ್ಕೇ ಕುತ್ತು. ಅದರ ಜೊತೆ ಬರೆಯುವ ಫೋಲಿಕ್ ಆ್ಯಸಿಡ್ಡೂ ಎಷ್ಟೋ ಸಲ ಅಂಥದ್ದೇ ಪುಟ್ಟ ಹಳದಿ ಮಾತ್ರೆ. ಕಣ್ಣು ಮಬ್ಬಾದವರ ಕೈಗೆ ಅದಲುಬದಲಾಗಲು ಎಷ್ಟು ಹೊತ್ತು? ಸೋಮವಾರವೋ ಗುರುವಾರವೋ, ಡಾಕ್ಟರು ಹೇಳಿದ ವಾರದ ಹೆಸರನ್ನು ಚೀಟಿಯಲ್ಲೇ ಬರೆಸಿಕೋ.

ಬಿಡಿ ಮಾತ್ರೆ ಕೊಳ್ಳುವಾಗ ಹುಷಾರು. ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟರೆ ಅವಧಿ ಮುಗಿಯುವ ತಿಂಗಳು ಅಚ್ಚಾದ ತುದಿ ಅಂಗಡಿಯಲ್ಲೇ ಉಳಿಯಬಹುದು. ಅಲ್ಲೇ ನಿಂತು ಫೋನಿನಲ್ಲಿ ಫೋಟೋ ತೆಗೆದುಕೋ. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿ ಬೇಕೇ ಬೇಕು. ಪಕ್ಕದ ಮನೆಯವರಿಗೆ ವಾಸಿಯಾಯಿತು ಅನ್ನುವುದು ಚೀಟಿಯಲ್ಲ. ಮಗುವಿನ ಔಷಧಿಗೆ ಅಡುಗೆಮನೆ ಚಮಚ ಬೇಡ, ಬಾಟಲಿಯ ಜೊತೆ ಬಂದ ಅಳತೆ ಮುಚ್ಚಳವೇ ಆಗಬೇಕು.

ಮಾತ್ರೆಯಿಂದ ಮೈಮೇಲೆ ಗಂದೆಯೆದ್ದರೆ ಡಾಕ್ಟರಿಗೆ ತಿಳಿಸು. ಮುಖ ಊದಿ ಉಸಿರು ಕಟ್ಟಿದರೆ ನೇರ ಆಸ್ಪತ್ರೆಗೆ ಓಡು. ಅನುಮಾನ ಬಂದದ್ದನ್ನು ಕೌಂಟರಿನಲ್ಲೇ ಕೇಳು. ಹಿಂದೆ ಹತ್ತು ಜನ ನಿಂತಿದ್ದರೂ ಸಂಕೋಚ ಬೇಡ. ಮಾತ್ರೆ ಎಣಿಸಿ ಕೊಡುವಷ್ಟೇ ಅದನ್ನು ಬಿಡಿಸಿ ಹೇಳುವುದೂ ಫಾರ್ಮಸಿಸ್ಟನ ಕೆಲಸ.